ಗೊತ್ತಿಲ್ಲದೇ ಜಮೀನಿನ ಡಿಕ್ರಿ ಆಗಿದ್ಯಾ?

ಹನೂರಲ್ಲಿ ಹೊಲ, ಯಳಂದೂರಲ್ಲಿ ಗದ್ದೆ. ಪಹಣಿ ತೆಗೆಸಿದರೆ ಬೇರೆಯವರ ಹೆಸರು! ನಿಮಗೆ ಸಮನ್ಸೇ ಬಂದಿಲ್ಲ, ಕೋರ್ಟಲ್ಲಿ ಡಿಕ್ರಿ ಆಗಿಹೋಗಿದೆ.

ತಾಲ್ಲೂಕು ಕಚೇರಿಗೆ ಅಲೆದು ಪ್ರಯೋಜನವಿಲ್ಲ, ತಹಶೀಲ್ದಾರರು ಡಿಕ್ರಿ ರದ್ದು ಮಾಡಲಾರರು. ಕೋರ್ಟಲ್ಲಿ ನಕಲು ಅರ್ಜಿ ಹಾಕಿ. ದಾವೆಪತ್ರ, ಡಿಕ್ರಿ, ಮುಖ್ಯವಾಗಿ ಸಮನ್ಸ್ ಜಾರಿಯಾದ ವರದಿ ತೆಗೆಸಿ. ಸಹಿ ಯಾರದ್ದು? ವಿಳಾಸ ಯಾವುದು? ಎಷ್ಟೋ ಸಲ ಮೋಸದ ಜಾಡು ಅಲ್ಲೇ ಸಿಗುತ್ತೆ.

ಸಮನ್ಸ್ ಬಾರದೆ ಆದ ಏಕಪಕ್ಷೀಯ ಡಿಕ್ರಿಯಾದರೆ, ತಿಳಿದ 30 ದಿನದೊಳಗೆ ಅದೇ ಕೋರ್ಟಿಗೆ ಅರ್ಜಿ. ಮೋಸದ ಆಧಾರದ ಮೇಲೆ ಬೇರೆ ದಾವೆ ಹೂಡೋದಾದರೆ, ಮೋಸ ತಿಳಿದಂದಿನಿಂದ 3 ವರ್ಷ. ರಾಜಿ ಡಿಕ್ರಿಯ ದಾರಿಯೇ ಬೇರೆ: ಹೊಸ ದಾವೆ ನಡೆಯಲ್ಲ, ರಾಜಿಯಾದ ಕೋರ್ಟಿಗೇ ಹೋಗಬೇಕು.

1993ರಲ್ಲಿ, ಚೆಂಗಲ್ವರಾಯ ನಾಯ್ಡು ಪ್ರಕರಣ. ಹಕ್ಕು ಬಿಡುಗಡೆ ಪತ್ರ ಮುಚ್ಚಿಟ್ಟು ಪಡೆದ ಡಿಕ್ರಿಗೆ ಬೆಲೆಯೇ ಇಲ್ಲ ಎಂದಿತು ಸುಪ್ರೀಂ ಕೋರ್ಟ್. ಹಾಗಂತ ಬರೀ 'ಮೋಸ, ಮೋಸ' ಅಂದರೆ ಸಾಲದು. ಯಾರು, ಯಾವಾಗ, ಏನನ್ನು ಮುಚ್ಚಿಟ್ಟರು, ಎಲ್ಲವನ್ನೂ ದಾವೆಪತ್ರದಲ್ಲೇ ಬಿಡಿಸಿ ಬರೆಸಬೇಕು.

ಅಂದಹಾಗೆ, 1956ರವರೆಗೆ ಹನೂರೂ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಇದ್ದದ್ದು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿ. ತಾತನ ಕಾಲದ ಪತ್ರ ತಮಿಳಲ್ಲಿದ್ದರೆ ಮೂಲೆಗೆ ಹಾಕಬೇಡಿ. ಅನುವಾದ ಮಾಡಿಸಿ, ವಕೀಲರ ಕೈಗೆ ಕೊಡಿ.