ಹಿಪ್ಪುನೇರಳೆಯ ಕಡ್ಡಿಯೂ ಚಿಂಚಿಲದ ಹಲ್ಲೂ

ಬೆಂಗಳೂರಿಗೆ ಉತ್ತರದಲ್ಲಿರುವ ಯಲಹಂಕ, ಹೆಬ್ಬಾಳ, ಯಶವಂತಪುರ ಮೊದಲಾದ ಸ್ಥಳಗಳು ಒಂದು ಕಾಲಕ್ಕೆ ರಾಗಿಯ ಹೊಲಗಳೂ ಹಣ್ಣಿನ ತೋಟಗಳೂ ಕೆರೆಗಳೂ ಕೂಡಿದ ಗ್ರಾಮಗಳಾಗಿದ್ದುವೆಂಬುದು ವಾಚಕರಿಗೆ ತಿಳಿದ ವಿಷಯವೇ. 1899ನೆಯ ಇಸವಿಯಲ್ಲಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು 30 ಎಕರೆ ಭೂಮಿಯನ್ನು ದಯಪಾಲಿಸಿ ವ್ಯವಸಾಯದ ಪ್ರಯೋಗ ಕ್ಷೇತ್ರಕ್ಕೆ ಅಡಿಗಲ್ಲಾದುದು ಈ ಹೆಬ್ಬಾಳದಲ್ಲಿಯೇ. ಈಗ ಆ ಸುತ್ತಿನ ಬಹುಭಾಗ ನಗರವಾಗಿದೆ. ಹಟ್ಟಿಯಿಲ್ಲದ ಮನೆಗಳಲ್ಲಿ ಜನರು ನಾಯಿ ಬೆಕ್ಕುಗಳಲ್ಲದೆ ಮೊಲವನ್ನೂ ಗಿನಿ ಹಂದಿಯನ್ನೂ, ಅಪರೂಪವಾಗಿ ಚಿಂಚಿಲವೆಂಬ ಪರದೇಶದ ಪ್ರಾಣಿಯನ್ನೂ ಮಕ್ಕಳ ಪ್ರೀತಿಗಾಗಿ ಸಾಕುವುದುಂಟು. ಈ ಪ್ರಾಣಿಗಳು ಕಡಿಯುವುದಕ್ಕೆಂದು ಅಂಗಡಿಗಳಲ್ಲಿ ಮರದ ಆಟಿಕೆಗಳನ್ನು ಒಳ್ಳೆಯ ಬೆಲೆಗೆ ಮಾರುತ್ತಾರೆ. ಆದರೆ ಅವುಗಳಿಗೆ ಸಮನಾದ ಪದಾರ್ಥವನ್ನು ನಮ್ಮ ರೈತರು ನೀರು ಕಾಯಿಸುವ ಹಂಡೆಯ ಒಲೆಗೆ ಹಾಕಿ ಸುಡುತ್ತಿದ್ದಾರೆ. ಅದು ಯಾವುದು, ಅದರಿಂದ ಬರತಕ್ಕ ಪ್ರಯೋಜನವೆಷ್ಟು, ಅಪಾಯವೆಲ್ಲಿ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪ್ರಾಣಿಯ ಪರಿಚಯ

ಚಿಂಚಿಲವು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ನಿವಾಸಿ. ಇಲಿ ಅಳಿಲುಗಳ ವರ್ಗಕ್ಕೆ ಸೇರಿದ್ದು. ತೂಕ ಸುಮಾರು ಅರ್ಧ ಕಿಲೋಗ್ರಾಂ. ಇದರ ತುಪ್ಪಳವು ಬಹಳ ಒತ್ತಾದುದರಿಂದ ಅದಕ್ಕಾಗಿಯೇ ಲಕ್ಷಾಂತರ ಪ್ರಾಣಿಗಳನ್ನು ಕೊಂದು, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇದರ ಸಂತತಿಯೇ ಅಳಿಯುವ ಸ್ಥಿತಿಗೆ ಬಂದಿತು. 1923ರಲ್ಲಿ ಮಥಾಯಸ್ ಚಾಪ್ಮನ್ ಎಂಬ ಅಮೆರಿಕದ ಗಣಿ ಇಂಜಿನಿಯರು ಸುಮಾರು ಒಂದು ಡಜನ್ ಪ್ರಾಣಿಗಳನ್ನು ಕ್ಯಾಲಿಫೋರ್ನಿಯಕ್ಕೆ ಸಾಗಿಸಿದನು. ಸಾಕುಪ್ರಾಣಿಗಳಾಗಿರುವ ಚಿಂಚಿಲಗಳು ಬಹುಮಟ್ಟಿಗೆ ಆ ಹಿಂಡಿನ ಸಂತತಿಯೆಂದು ಹೇಳುತ್ತಾರೆ.

ಈ ಪ್ರಾಣಿಗೆ 20 ಹಲ್ಲುಗಳು, ಮೊಲಕ್ಕೆ 28. ಮನುಷ್ಯನ ಹಲ್ಲಿನಂತೆ ಒಂದು ಅಳತೆಗೆ ಬಂದು ನಿಲ್ಲುವ ಸ್ವಭಾವ ಇವಕ್ಕಿಲ್ಲ. ಬದುಕಿರುವಷ್ಟು ಕಾಲವೂ ಬುಡದಿಂದ ಬೆಳೆಯುತ್ತಲೇ ಇರುತ್ತವೆ. ಚಿಂಚಿಲದ ಮುಂದಿನ ಹಲ್ಲು ವರ್ಷಕ್ಕೆ ಎರಡು ಮೂರು ಅಂಗುಲದಷ್ಟು ಬೆಳೆಯುತ್ತದೆ. ಬೆಳೆದಷ್ಟು ಸವೆಯದಿದ್ದರೆ ಹಲ್ಲು ಸೊಟ್ಟಗಾಗಿ ನಾಲಿಗೆಗೂ ಕೆನ್ನೆಗೂ ಚುಚ್ಚುತ್ತದೆ. ಪ್ರಾಣಿಯು ಮೇವಿನ ಮುಂದೆಯೇ ಕುಳಿತು ಹಸಿವಿನಿಂದ ಸಾಯುವ ಪ್ರಸಂಗ ಬರುತ್ತದೆ.

ಹಲ್ಲು ಸವೆಯುವ ಬಗೆ

ಕಡಿಯುವ ಕಡ್ಡಿಯೊಂದಿದ್ದರೆ ಸಾಕೆಂಬುದು ತಪ್ಪು ತಿಳಿವಳಿಕೆ. ಕಡ್ಡಿಯಿಂದ ಸವೆಯುವುದು ಮುಖ್ಯವಾಗಿ ಮುಂದಿನ ಹಲ್ಲು. ದವಡೆಯ ಹಲ್ಲು ಸವೆಯಬೇಕಾದರೆ ಒಣಹುಲ್ಲನ್ನು ದಿನವೆಲ್ಲ ಅರೆದು ತಿನ್ನಬೇಕು. ಆದುದರಿಂದ ಬೂಷ್ಟು ಹಿಡಿಯದ ಒಣಹುಲ್ಲು ಯಾವಾಗಲೂ ಮುಂದಿರತಕ್ಕದ್ದು. ಕಡ್ಡಿಯು ಅದಕ್ಕೆ ಸಹಾಯಕ ಮಾತ್ರ, ಪಂಜರದಲ್ಲಿ ಬೇಸರ ಕಳೆಯುವ ಸಾಧನವೂ ಹೌದು. ಲೂಸರ್ನ್ ಎಂದು ಕರೆಯುವ ಕುದುರೆ ಮಸಾಲೆಯಲ್ಲಿ ಸುಣ್ಣದ ಅಂಶ ಹೆಚ್ಚಾದುದರಿಂದ ಬೆಳೆದ ಪ್ರಾಣಿಗೆ ಅದನ್ನೇ ಮುಖ್ಯ ಆಹಾರವಾಗಿ ಕೊಡಕೂಡದು.

ನಮ್ಮಲ್ಲಿ ದೊರೆಯುವ ಒಳ್ಳೆಯ ಪದಾರ್ಥಗಳು

ಮೊದಲನೆಯದು ಹಿಪ್ಪುನೇರಳೆಯ ಕಡ್ಡಿ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ರೇಷ್ಮೆ ಬೆಳೆಯುವವರ ತೋಟದಲ್ಲಿ ಪ್ರತಿ ಸಲ ಗಿಡ ಸವರಿದಾಗಲೂ ಇದು ಹೊರೆಹೊರೆಯಾಗಿ ದೊರೆಯುತ್ತದೆ. ಎರಡನೆಯದು ಸೀಬೆಯ ಕೊಂಬೆ. ಮೂರನೆಯದು ಬಳ್ಳಿಯಲ್ಲಿಯೇ ಬಲಿತು ಒಣಗಿದ ತುಪ್ಪದ ಹೀರೆಯ ನಾರು. ಬೀಜ ಉದುರಿಸಿ ಬಿಲ್ಲೆಗಳಾಗಿ ಕೊಯ್ದರೆ ಪ್ರಾಣಿಗಳು ಇಷ್ಟಪಟ್ಟು ಕಡಿಯುತ್ತವೆ. ತೆಂಗಿನ ಕರಟವನ್ನೂ, ಕಾಯಿಯ ಅಂಶವೆಲ್ಲವನ್ನೂ ಕೆರೆದು ತೆಗೆದ ಮೇಲೆ, ಕೊಡಬಹುದು.

ತಯಾರಿಸುವ ಕ್ರಮ ಸುಲಭ. ಕಿರುಬೆರಳಿನಿಂದ ಹೆಬ್ಬೆರಳಿನವರೆಗಿನ ದಪ್ಪದ ಕಡ್ಡಿಗಳನ್ನು ಆರಿಸಿ ಐದಾರು ಅಂಗುಲದ ತುಂಡುಗಳಾಗಿ ಕತ್ತರಿಸಬೇಕು. ಸಿಪ್ಪೆಯನ್ನು ತೆಗೆಯಬೇಕಾಗಿಲ್ಲ. ಗಡುಸಾದ ಕುಂಚದಿಂದ ಉಜ್ಜಿ ತೊಳೆದು, ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಹಾಕಿ ತೆಗೆದು, ಚೆನ್ನಾಗಿ ಗಾಳಿಯಾಡುವ ಕಡೆ ಹರಡಿ ಪೂರ್ಣವಾಗಿ ಒಣಗಿಸಬೇಕು. ಒಳಗೆ ಹಸಿಯಿದ್ದರೆ ಬೂಷ್ಟು ಬರುತ್ತದೆ. ಬೂಷ್ಟು ಬಂದುದನ್ನು ಒಲೆಗೆ ಹಾಕುವುದೇ ಸರಿ. ಬಣ್ಣ, ಮೆರುಗೆಣ್ಣೆ, ಅಂಟು ಯಾವುದನ್ನೂ ಬಳಸಕೂಡದು. ದಾರದಿಂದ ಕಟ್ಟಿದ ಕಟ್ಟನ್ನು ಪಂಜರದಲ್ಲಿಡುವ ಮೊದಲು ದಾರವನ್ನು ಬಿಚ್ಚಬೇಕು. ನುಂಗಿದ ದಾರ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ವರ್ಜಿಸಬೇಕಾದುವು

ಇಲ್ಲಿ ಜಮೀನುದಾರರು ವಿಶೇಷವಾಗಿ ಲಕ್ಷ್ಯವಿಡಬೇಕು. ಚಿಂಚಿಲಕ್ಕಾಗಲಿ ಮೊಲಕ್ಕಾಗಲಿ ವಾಂತಿ ಮಾಡುವ ಶಕ್ತಿಯಿಲ್ಲ; ಒಳಗೆ ಹೋದ ವಿಷ ಒಳಗೇ ಉಳಿಯುತ್ತದೆ. ಕಣಗಿಲೆ, ಎಕ್ಕ, ಕಳ್ಳಿ, ಹರಳು, ಉಮ್ಮತ್ತಿ, ಬೇಲಿಯ ಲಾಂಟಾನ ಇವು ವಿಷ. ನೀಲಗಿರಿ, ನಿಂಬೆ, ಕಿತ್ತಳೆ ಮತ್ತು ರಾಳವಿರುವ ಮರಗಳನ್ನೂ ಬಿಡಬೇಕು. ಕೀಟನಾಶಕ ಸಿಂಪಡಿಸಿದ ತೋಟದ ಯಾವ ಕಡ್ಡಿಯೂ ಯೋಗ್ಯವಲ್ಲ. ದ್ರಾಕ್ಷಿಗೆ ಮೇಲಿಂದಮೇಲೆ ಔಷಧ ಹೊಡೆಯುವ ರೂಢಿಯಿರುವುದರಿಂದ ಅದರ ಬಳ್ಳಿಯನ್ನು ಮುಟ್ಟದಿರುವುದೇ ಲೇಸು. ರೇಷ್ಮೆಹುಳು ಎಲೆ ತಿಂದು ಬಿಟ್ಟ ಹಾಸಿಗೆಯ ಕಡ್ಡಿಗಳೂ ಬೇಡ; ಅವುಗಳ ಮೇಲೆ ಸುಣ್ಣದ ಪುಡಿಯೂ ರೋಗನಿವಾರಕ ಪುಡಿಯೂ ಹುಳುವಿನ ಹಿಕ್ಕೆಯೂ ಇರುತ್ತವೆ. ತೋಟದಿಂದ ನೇರವಾಗಿ ಸವರಿ ತಂದುದನ್ನೇ ಉಪಯೋಗಿಸತಕ್ಕದ್ದು.

ಸಾಕುವವರಿಗೆ ಎರಡು ಮಾತು

ಪ್ರತಿ ವಾರವೂ ಪ್ರಾಣಿಯನ್ನು ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಒಳ್ಳೆಯ ಅಭ್ಯಾಸ. ತೂಕ ಇಳಿಯುವುದು, ಗಲ್ಲ ಒದ್ದೆಯಾಗಿರುವುದು, ಕಣ್ಣಲ್ಲಿ ನೀರು ಸುರಿಯುವುದು, ಹಿಕ್ಕೆ ಸಣ್ಣದಾಗುವುದು ಹಲ್ಲಿನ ವ್ಯಾಧಿಯ ಲಕ್ಷಣಗಳು. ಚಿಂಚಿಲದ ಮುಂದಿನ ಹಲ್ಲು ಕಿತ್ತಳೆ ಬಣ್ಣವಾಗಿರುವುದು ಆರೋಗ್ಯದ ಚಿಹ್ನೆ. ಅದನ್ನು ಕಂಡು ಗಾಬರಿಪಡಬೇಕಾಗಿಲ್ಲ. ಬೆಳೆದ ಹಲ್ಲನ್ನು ಮನೆಯಲ್ಲಿ ಇಕ್ಕಳದಿಂದ ಕತ್ತರಿಸಿದರೆ ಅದು ಬುಡದವರೆಗೆ ಸೀಳುವ ಸಂಭವವುಂಟು. ಪಶುವೈದ್ಯರ ಬಳಿಗೇ ಒಯ್ಯಬೇಕು. ಹೆಬ್ಬಾಳದಲ್ಲಿಯೇ ಪಶುವೈದ್ಯ ಕಾಲೇಜು ಇರುವುದು ಈ ಭಾಗದವರ ಭಾಗ್ಯ.

ಹಲ್ಲಿಗಿಂತ ಮೊದಲು ಈ ಪ್ರಾಣಿಯನ್ನು ಕೊಲ್ಲುವುದು ನಮ್ಮ ಬೇಸಗೆ. ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಚಿಂಚಿಲಕ್ಕೆ ಅಪಾಯ ಆರಂಭವಾಗುತ್ತದೆ. ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿಯವರೆಗೆ ಕಾದಿತ್ತು. ಯಂತ್ರದಿಂದ ತಂಪು ಮಾಡಿದ ಕೋಣೆಯಿಲ್ಲದವರು ಇದನ್ನು ಸಾಕಕೂಡದು. ಮಗುವಿನ ಹಟಕ್ಕಾಗಿ ಕೊಂಡ ಪ್ರಾಣಿ ಏಪ್ರಿಲಿನಲ್ಲಿ ಸತ್ತರೆ ಮಗುವಿಗೆ ಉಳಿಯುವುದು ದುಃಖವೊಂದೇ. ಅಂಥವರಿಗೆ ಮೊಲ, ಗಿನಿ ಹಂದಿಗಳೇ ಮೇಲು. ಅವಕ್ಕೂ ನೆರಳು ಗಾಳಿ ಬೇಕು, ಇದೇ ಕಡ್ಡಿ ಆಗುತ್ತದೆ. ಆದರೆ ಹೊಲದ ಕಾಡುಮೊಲವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ಲಾಭದ ವಿಚಾರ

ಕಡ್ಡಿಯಿಂದ ಸಂಪತ್ತು ಬರುವುದೆಂದು ಯಾರೂ ಭ್ರಮಿಸಬಾರದು. ಕೊಳ್ಳುವವರು ಕೆಲವರೇ. ಮೊದಲು ಹತ್ತು ಕಟ್ಟುಗಳನ್ನು ಮಾಡಿ ಹತ್ತಿರದ ಅಂಗಡಿಗೆ ತೋರಿಸಿ, ಬೆಲೆ ನಿಶ್ಚಯವಾದ ಮೇಲೆ ಮುಂದುವರಿಯುವುದು ವಿವೇಕ. ಸೌದೆಯಾಗಿ ಹೋಗುವುದರಲ್ಲಿ ಒಂದು ಪಾಲು ಮನೆಯ ಹೆಂಗಸರಿಗೆ ಬಿಡುವಿನ ವೇಳೆಯಲ್ಲಿ ನಾಲ್ಕು ಕಾಸು ತಂದರೆ ಅಷ್ಟೇ ಸಾಕು.

ಕಡೆಯದಾಗಿ ಒಂದು ಎಚ್ಚರಿಕೆ. ಪರದೇಶದ ಪ್ರಾಣಿಯ ಜೊತೆಗಳನ್ನು ಕೊಟ್ಟು, ಮರಿಗಳನ್ನು ತಾವೇ ಹೆಚ್ಚಿನ ಬೆಲೆಗೆ ಕೊಳ್ಳುವೆವೆಂದು ಮುಂಗಡ ಹಣ ಕೇಳುವವರು ಗ್ರಾಮಗಳಿಗೆ ಬರುವುದುಂಟು. ಎಮು ಪಕ್ಷಿಯ ಹೆಸರಿನಲ್ಲಿ ಇದೇ ಬಗೆಯ ಯೋಜನೆಯು 2012ರಲ್ಲಿ ತಮಿಳುನಾಡಿನ ಪೆರುಂದುರೆಯಲ್ಲಿ ಕುಸಿದುಬಿದ್ದು ಸಾವಿರಾರು ಮಂದಿ ಹಣ ಕಳೆದುಕೊಂಡರು. ಮೇವಿಗೆ ಗತಿಯಿಲ್ಲದೆ ಪಕ್ಷಿಗಳೂ ಸತ್ತುವು. ಚಿಂಚಿಲದ ಹೆಸರಿನಲ್ಲಿ ಯಾರಾದರೂ ಹಾಗೆ ಬಂದರೆ, ಜಮೀನಿನ ಮೇಲೆ ಸಾಲ ಎತ್ತುವುದಕ್ಕೆ ಮೊದಲು ಪ್ರಾಣಿಯ ಕಾಗದಪತ್ರಗಳನ್ನು ಕೇಳಬೇಕು, ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು. ಗ್ರಾಮದ ಮುಖಂಡರು ಈ ಮಾತನ್ನು ಓದುಬರಹ ಬಾರದವರಿಗೂ ತಿಳಿಸಿಹೇಳುವರೆಂದು ನಂಬಲಾಗಿದೆ.