ಕೂಲಿ 60, ಸಾಮಗ್ರಿ 40: ಕ್ರಿಯಾ ಯೋಜನೆಗೆ ಮುನ್ನ ಸದಸ್ಯರು ಅರಿಯಬೇಕಾದ ಲೆಕ್ಕ

ಉದ್ಯೋಗ ಖಾತರಿ ಯೋಜನೆಯಡಿ ಕ್ರಿಯಾ ಯೋಜನೆ ಸಿದ್ಧಪಡಿಸುವ ಸಂದರ್ಭದಲ್ಲಿ ವಾರ್ಡ್ ಸಭೆಗಳಲ್ಲಿ ಮೊದಲು ಕೇಳಿಬರುವುದು ಸಿಮೆಂಟ್ ರಸ್ತೆ ಹಾಗೂ ಚರಂಡಿಯ ಬೇಡಿಕೆ. ಇದು ಸಹಜ. ರಸ್ತೆಯು ಎಲ್ಲರ ಕಣ್ಣಿಗೆ ಕಾಣುತ್ತದೆ. ಮುಂದಿನ ಚುನಾವಣೆಯಲ್ಲಿ ಮತದಾರರಿಗೆ ತೋರಿಸಲೂ ಬರುತ್ತದೆ. ಕೆರೆಯ ಹೂಳೆತ್ತಿದ ಕೆಲಸವು ನೀರು ತುಂಬಿದೊಡನೆ ಮರೆಯಾಗುತ್ತದೆ. ಆದರೆ 2005ರ ಕಾಯ್ದೆಯ ಮೂಲ ಉದ್ದೇಶ ಕೆಲಸ ಕೇಳಿದ ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಕೂಲಿ ಒದಗಿಸುವುದೆಂಬುದನ್ನು ಮರೆಯಲಾಗದು.

ಆದ್ದರಿಂದಲೇ ಗ್ರಾಮ ಪಂಚಾಯಿತಿ ಕೈಗೊಳ್ಳುವ ಕಾಮಗಾರಿಗಳಲ್ಲಿ ಸಾಮಗ್ರಿ ವೆಚ್ಚವು ಶೇ 40ನ್ನು ಮೀರುವಂತಿಲ್ಲ. ಗಾರೆ ಕೆಲಸದವರಂಥ ಕುಶಲ ಮತ್ತು ಅರೆಕುಶಲ ಕೆಲಸಗಾರರ ಕೂಲಿಯೂ ಸಾಮಗ್ರಿಯ ಲೆಕ್ಕಕ್ಕೇ ಸೇರುತ್ತದೆ. ಈ ಅನುಪಾತವನ್ನು ಪ್ರತಿ ಕಾಮಗಾರಿಗೆ ಪ್ರತ್ಯೇಕವಾಗಿ ಅಲ್ಲ, ಒಟ್ಟಾಗಿ ನೋಡಲಾಗುತ್ತದೆ.

ಉದಾಹರಣೆಗೆ, ಒಂದು ಪಂಚಾಯಿತಿಯ ಯೋಜನೆಯ ಮೊತ್ತ 40 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಸಾಮಗ್ರಿಗೆ ಗರಿಷ್ಠ 16 ಲಕ್ಷ ದೊರೆಯುತ್ತದೆ. ತಲಾ 10 ಲಕ್ಷದ ಎರಡು ಸಿಮೆಂಟ್ ರಸ್ತೆಗಳಿಗೆ ಶೇ 80ರಷ್ಟು ಸಾಮಗ್ರಿಯೇ ಬೇಕಾದರೆ ಆ 16 ಲಕ್ಷವೂ ಅಲ್ಲಿಗೇ ಮುಗಿಯಿತು. ಉಳಿದ ವಾರ್ಡುಗಳಿಗೆ ಶಾಲಾ ಕಾಂಪೌಂಡ್, ದನದ ಕೊಟ್ಟಿಗೆ, ಚೆಕ್ ಡ್ಯಾಂ ಮೊದಲಾದವುಗಳಿಗೆ ಅವಕಾಶವೇ ಇರದು.

ಕೂಲಿಯ ಕಡೆಯಿಂದಲೂ ನೋಡಬಹುದು. 2024-25ನೇ ಸಾಲಿನಲ್ಲಿ ದಿನಗೂಲಿ 349 ರೂಪಾಯಿ ಇತ್ತು. ಆ ದರದಲ್ಲಿ ಮೇಲಿನ ಒಂದು ರಸ್ತೆಯಿಂದ ದೊರೆಯುವುದು ಸುಮಾರು 573 ಮಾನವ ದಿನಗಳು, ಎಂದರೆ ಐದಾರು ಕುಟುಂಬಗಳಿಗೆ 100 ದಿನಗಳ ಕೆಲಸ. ಅದೇ 10 ಲಕ್ಷವನ್ನು ಸಂಪೂರ್ಣ ಕೂಲಿಯಾಗಿ ಹೂಳೆತ್ತಲು ಅಥವಾ ಬದು ನಿರ್ಮಾಣಕ್ಕೆ ವಿನಿಯೋಗಿಸಿದರೆ ಸುಮಾರು 2,865 ಮಾನವ ದಿನಗಳು. 28 ಕುಟುಂಬಗಳಿಗೆ ಪೂರ್ಣ ಕೆಲಸ. ಈ ವ್ಯತ್ಯಾಸದ ಹೊರೆ ಬೀಳುವುದು ಜಮೀನಿಲ್ಲದವರ ಮೇಲೆ ಮತ್ತು ಊರು ಬಿಟ್ಟು ದುಡಿಯಲು ಹೋಗಲಾಗದ ಮಹಿಳೆಯರ ಮೇಲೆ.

ರಸ್ತೆ ಬೇಡವೆಂಬುದು ಇದರ ಅರ್ಥವಲ್ಲ. ಒಂದು ವಾರ್ಡಿನ ರಸ್ತೆಯು ಇತರ ವಾರ್ಡುಗಳ ಪಾಲಿನ ಸಾಮಗ್ರಿಯನ್ನೂ ಬಳಸುತ್ತದೆಯಾದ್ದರಿಂದ ಆ ತೀರ್ಮಾನ ಎಲ್ಲರದ್ದಾಗಬೇಕು. ಆದುದರಿಂದ ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಸೂಕ್ತ:

1. ಪ್ರತಿ ಕಾಮಗಾರಿಯ ಮುಂದೆ ಕೂಲಿ, ಸಾಮಗ್ರಿ ಮತ್ತು ಮಾನವ ದಿನಗಳನ್ನು ನಮೂದಿಸಿ ಗ್ರಾಮ ಸಭೆಯಲ್ಲಿ ಓದಿಸುವುದು.

2. ಸಾಮಗ್ರಿ ಹೆಚ್ಚು ಬೇಡುವ ಕಾಮಗಾರಿಯೊಡನೆ ಅದನ್ನು ಸರಿದೂಗಿಸುವ ಕೂಲಿ ಪ್ರಧಾನ ಕಾಮಗಾರಿಗಳನ್ನೂ ಸೇರಿಸುವುದು.

3. ಕೆಲಸ ಕೇಳಿ ಸಲ್ಲಿಸಿದ ಅರ್ಜಿಗೆ ದಿನಾಂಕವಿರುವ ಸ್ವೀಕೃತಿ ಕೊಡಿಸುವುದು. 15 ದಿನಗಳೊಳಗೆ ಕೆಲಸ ದೊರೆಯದಿದ್ದರೆ ಅರ್ಜಿದಾರರು ನಿರುದ್ಯೋಗ ಭತ್ಯೆಗೆ ಅರ್ಹರು.

4. ಗುತ್ತಿಗೆದಾರರಿಗೆ ಕಾಯ್ದೆಯಲ್ಲಿ ಅವಕಾಶವಿಲ್ಲ. ಕೂಲಿಕಾರರ ಕೆಲಸವನ್ನು ಕಸಿಯುವ ಯಂತ್ರಗಳ ಬಳಕೆಗೂ ನಿರ್ಬಂಧವಿದೆ. ಕಾಮಗಾರಿ ಸ್ಥಳಕ್ಕೆ ಭೇಟಿ ನೀಡಿ ಇದನ್ನು ಖಚಿತಪಡಿಸಿಕೊಳ್ಳುವುದು.

ರಸ್ತೆಯ ಬದಿಯ ನಾಮಫಲಕದಲ್ಲಿ ಅಂದಾಜು ಮೊತ್ತ ಮಾತ್ರವಲ್ಲ, ಸೃಜಿಸಿದ ಮಾನವ ದಿನಗಳೂ ಇರುತ್ತವೆ. ಸದಸ್ಯರು ಮತದಾರರ ಮುಂದೆ ಆ ಸಂಖ್ಯೆಯನ್ನೂ ಓದಿ ಹೇಳುವಂತಾಗಲಿ.