ಮಗಳೊಡನೆ ಕಡಲಿನಾಳಕ್ಕೆ: ದ್ವೀಪವನ್ನು ಆರಿಸುವ ಬಗೆ

ಮಕ್ಕಳು ಹನ್ನೆರಡು ಹದಿಮೂರು ವರ್ಷಗಳನ್ನು ಮುಟ್ಟುವ ಕಾಲವು ಹೆತ್ತವರಿಗೆ ಒಂದು ಬಗೆಯ ಸಂಕಟದ ಕಾಲವೆಂಬುದನ್ನು ಗೃಹಸ್ಥರಾದ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ಕೈಹಿಡಿದು ನಡೆಸಿದರೆ ಅವರಿಗೆ ಅವಮಾನ. ಕೈಬಿಟ್ಟರೆ ನಮಗೆ ನಿದ್ರೆಯಿಲ್ಲ. ಇಂತಹ ಸಂಕಟವನ್ನು ಹೊತ್ತುಕೊಂಡು ನಮ್ಮ ಹಳೆಯ ಶಿಷ್ಯನೊಬ್ಬನು ದೀಪಾವಳಿಯ ಮಾರನೆಯ ದಿನ ನಮ್ಮ ಮನೆಗೆ ಬಂದನು. ಜೊತೆಯಲ್ಲಿ ಹದಿಮೂರು ವರ್ಷದ ಮಗಳು. ಬೇಸಿಗೆಯ ರಜೆಯಲ್ಲಿ ಯಾವುದಾದರೊಂದು ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಸ್ಕೂಬಾ ವಿದ್ಯೆಯನ್ನು ಕಲಿಯಬೇಕೆಂಬುದು ಆ ಹುಡುಗಿಯ ಹಟ.

“ಮೇಷ್ಟ್ರೇ, ಇವಳಿಗೆ ನೀವಾದರೂ ಸ್ವಲ್ಪ ಬುದ್ಧಿ ಹೇಳಿ” ಎಂದನು ತಂದೆ.

“ತಾತ, ಯಾವ ದ್ವೀಪ ಒಳ್ಳೆಯದು ಅಂತ ಮಾತ್ರ ಹೇಳಿ” ಎಂದಳು ಮಗಳು.

ಚಕ್ಕುಲಿಯ ನೆಪದಿಂದ ಹುಡುಗಿಯು ಅಡಿಗೆಯ ಮನೆಗೆ ಹೋದ ಮೇಲೆ ಶಿಷ್ಯನು ದನಿಯನ್ನು ತಗ್ಗಿಸಿ, “ನಿಮಗೆ ಗೊತ್ತಲ್ಲ, ಅಣ್ಣನ ವಿಷಯ” ಎಂದನು. ನಮಗೆ ಗೊತ್ತಿದ್ದಿತು. ಅವನ ಅಣ್ಣನೂ ನಮ್ಮ ತರಗತಿಯಲ್ಲಿಯೇ ಕುಳಿತಿದ್ದವನು. ಒಂದು ಭಾನುವಾರ ಊರ ಕೆರೆಗೆ ಈಜಲು ಹೋಗಿ ಹಿಂದಿರುಗಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದ ಕೈ ನಮ್ಮದೇ. ಅಂದಿನಿಂದ ಅವರ ತಾಯಿಯು ಉಳಿದ ಮಗನನ್ನು ಕೆರೆಯ ಏರಿಯ ಮೇಲೆ ಸಹ ನಡೆಯಗೊಡಲಿಲ್ಲ. ಹೀಗಾಗಿ ನಲವತ್ತು ದಾಟಿದ ಈ ಗೃಹಸ್ಥನಿಗೆ ಈಜೇ ಬಾರದು. ಮಗಳಾದರೋ ಶಾಲೆಯ ಈಜಿನ ಪಂದ್ಯದಲ್ಲಿ ಪದಕ ಪಡೆದವಳು.

ನಾವು ಸಂಸ್ಕೃತ ಪಾಠ ಹೇಳಿಕೊಂಡು ಕಾಲ ಕಳೆದವರು, ನಾವಿಕರಲ್ಲ. ಆದರೂ ತಿಳಿಯದ ವಿಷಯವನ್ನು ಕ್ರಮವಾಗಿ ವಿಚಾರಿಸಿ ತಿಳಿಯುವುದು ಉಪಾಧ್ಯಾಯರ ಹಳೆಯ ಚಾಳಿ. ಒಂದು ತಿಂಗಳ ಅವಕಾಶವನ್ನು ಕೇಳಿದೆವು. ಆ ತಿಂಗಳಲ್ಲಿ ಓದಿ, ಬಲ್ಲವರನ್ನು ಕೇಳಿ ಕಂಡುಕೊಂಡುದನ್ನು, ಇಂತಹದೇ ಹಟಕ್ಕೆ ಸಿಕ್ಕಿರುವ ಇತರ ಹೆತ್ತವರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತೇವೆ.

ಮೊದಲು ವಿದ್ಯೆಯ ಸ್ವರೂಪವನ್ನು ತಿಳಿಯಬೇಕು. ದ್ವೀಪದ ಮಾತು ಆಮೇಲೆ. ಫ್ರಾನ್ಸ್ ದೇಶದ ಜಾಕ್ ಕುಸ್ತೋ ಎಂಬ ನೌಕಾಧಿಕಾರಿಯೂ ಎಮಿಲ್ ಗಾನ್ಯಾನ್ ಎಂಬ ಯಂತ್ರಶಿಲ್ಪಿಯೂ ಕೂಡಿ 1943ರಲ್ಲಿ ಇದರ ಮುಖ್ಯ ಯಂತ್ರವನ್ನು ಸಿದ್ಧಪಡಿಸಿದರು. ಸಿಲಿಂಡರಿನಲ್ಲಿರುವುದು ಬರಿಯ ಆಮ್ಲಜನಕವೆಂದು ಅನೇಕರು ತಿಳಿದಿರುವರು, ಅದು ಸರಿಯಲ್ಲ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ. ಒತ್ತಿ ತುಂಬಿದುದು, ಅಷ್ಟೆ. ರೆಗ್ಯುಲೇಟರ್ ಎಂಬ ಉಪಕರಣವು ಅದನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಬಾಯಿಗೆ ಒದಗಿಸುವುದು.

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡವು ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಎದೆತುಂಬ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ, ಆ ಗಾಳಿಯು ನೀರಿನ ಮಟ್ಟದಲ್ಲಿ ಎರಡರಷ್ಟಾಗಿ ಹಿಗ್ಗಲು ಯತ್ನಿಸಿ ಶ್ವಾಸಕೋಶವನ್ನೇ ಹರಿಯಬಹುದು. ಆದುದರಿಂದ ಈ ವಿದ್ಯೆಯ ಮೊದಲ ಸೂತ್ರ: ಉಸಿರನ್ನು ಎಂದಿಗೂ ಹಿಡಿಯಕೂಡದು. ಪ್ರಾಣಾಯಾಮದ ಮಾತಿನಲ್ಲಿ ಹೇಳುವುದಾದರೆ, ಪೂರಕ ರೇಚಕಗಳುಂಟು, ಕುಂಭಕವು ನಿಷಿದ್ಧ. ಎರಡನೆಯ ಸೂತ್ರ: ಮೆಲ್ಲನೆ ಮೇಲೇರಬೇಕು. ಆಳದಲ್ಲಿ ರಕ್ತ ಮಾಂಸಗಳಲ್ಲಿ ಕರಗಿದ ಸಾರಜನಕವು, ಅವಸರದಿಂದ ಮೇಲೆ ಬಂದರೆ, ಸೋಡಾ ಸೀಸೆಯ ಮುಚ್ಚಳ ತೆಗೆದಾಗ ಆಗುವಂತೆ ಗುಳ್ಳೆಗಳಾಗಿ ಕೀಲುಗಳನ್ನೂ ನರಗಳನ್ನೂ ಪೀಡಿಸುವುದು. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರದೆ, 5 ಮೀಟರ್ ಆಳದಲ್ಲಿ ಮೂರು ನಿಮಿಷ ತಂಗಿ ಬರುವುದು ರೂಢಿ.

ಈ ಎರಡು ಸೂತ್ರಗಳನ್ನು ತಿಳಿದವನಿಗೆ, ದ್ವೀಪವನ್ನು ಚಿತ್ರದ ಅಂದ ನೋಡಿ ಆರಿಸಬಾರದೆಂಬುದು ತಾನೇ ಹೊಳೆಯುತ್ತದೆ. ಕಲಿಯುವವರಿಗೆ ಬೇಕಾದುದು ಗಾಳಿಯ ಹೊಡೆತವಿಲ್ಲದ, ಸೆಳವಿಲ್ಲದ, ಮರಳು ತಳದ ಆಳವಿಲ್ಲದ ನೀರು, ಆ ತಿಂಗಳಲ್ಲಿ ಶಾಂತವಾಗಿರುವ ಕಡಲು, ಅವಸರಪಡದ ಗುರು, ಅಪಾಯವಾದರೆ ಮುಟ್ಟಬಹುದಾದ ಚಿಕಿತ್ಸೆ. ಗುಳ್ಳೆಯ ಬಾಧೆಗೆ ಒತ್ತಡದ ಕೋಣೆಯೊಂದೇ ತಕ್ಕ ಚಿಕಿತ್ಸೆ. ಅಂತಹ ಕೋಣೆಯು ಎಲ್ಲಿದೆ, ಅಲ್ಲಿಗೆ ಎಷ್ಟು ಗಂಟೆಯ ಹಾದಿ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಬೇಕು. ಈ ಪ್ರಶ್ನೆಗೆ ನಗುವ ಗುರುವನ್ನು ಬಿಟ್ಟು ಮುಂದಿನ ಮನೆಗೆ ಹೋಗುವುದೇ ಲೇಸು.

ಇನ್ನು ದ್ವೀಪಗಳ ವಿಚಾರ. ಹುಡುಗಿಗೆ ರಜೆಯಿರುವುದು ಏಪ್ರಿಲ್ ತಿಂಗಳಲ್ಲಿ.

ನಮ್ಮ ನಾಡಿನದೇ ಆದ ನೇತ್ರಾಣಿಯನ್ನು ಮೊದಲು ಎಣಿಸಿದೆವು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ಈ ಬಂಡೆಯ ದ್ವೀಪದ ಸುತ್ತ ಮೀನುಗಳ ಸಮೃದ್ಧಿಯುಂಟು; ಖರ್ಚೂ ಕಡಿಮೆ. ಆದರೆ ಇಲ್ಲಿ ಮೆಲ್ಲಮೆಲ್ಲನೆ ಹೆಜ್ಜೆಯಿಟ್ಟು ಇಳಿಯುವ ಮರಳ ದಂಡೆಯಿಲ್ಲ; ತೆರೆದ ಕಡಲಿನಲ್ಲಿ ದೋಣಿಯಿಂದಲೇ ನೀರಿಗೆ ಇಳಿಯಬೇಕು. ಒಂದು ದಿನ ರುಚಿ ನೋಡುವವರಿಗೆ ಇದು ಒಪ್ಪುವುದು. ನೀರಿಗೆ ಹೆದರುವ ತಂದೆಯ ಮೊದಲ ಪಾಠಕ್ಕೆ ಒಪ್ಪದು.

ಎರಡನೆಯದು ಲಕ್ಷದ್ವೀಪ. 36 ದ್ವೀಪಗಳಲ್ಲಿ ಜನವಸತಿಯಿರುವುವು ಹತ್ತು. ಹವಳದ ಬಳೆಯೊಳಗೆ ನಿಂತ ತಿಳಿನೀರಿನ ಮಡುಗಳು ಕಲಿಯುವವರಿಗೆಂದೇ ಮಾಡಿದಂತಿವೆ. ಇವುಗಳಲ್ಲಿ ಕದ್ಮತ್ ಮೊದಲಾದ ಅಮಿನಿದೀವಿ ದ್ವೀಪಗಳು 1956ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವೆಂಬುದು ಹಲವರಿಗೆ ಮರೆತುಹೋಗಿದೆ. ಆದರೆ ಅಲ್ಲಿಗೆ ಹೋಗಲು ಅನುಮತಿಪತ್ರ ಬೇಕು, ಕೊಚ್ಚಿಯಿಂದ ಹಡಗಿನಲ್ಲಿಯೋ ಅಗತ್ತಿಗೆ ವಿಮಾನದಲ್ಲಿಯೋ ಹೋಗಬೇಕು, ಸ್ಥಳಗಳೂ ಮಿತವಾದುವು. ಬಹಳ ಮೊದಲೇ ಏರ್ಪಾಡು ಮಾಡಿಕೊಳ್ಳಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಅಪರೂಪ.

ಮಾಲ್ಡೀವ್ಸ್ ಮೂರನೆಯದು. ಸಾವಿರದ ಮೇಲೆ ಇನ್ನೂರರಷ್ಟು ದ್ವೀಪಗಳು. ಏಪ್ರಿಲಿನಲ್ಲಿ ಸಾಮಾನ್ಯವಾಗಿ ಕಡಲು ಅನುಕೂಲ. ಬಂಡೋಸ್ ದ್ವೀಪದಲ್ಲಿ ಒತ್ತಡದ ಕೋಣೆಯೂ ಉಂಟು. ಆದರೆ ಅಲ್ಲಿಯ ಹೆಸರಾಂತ ಸ್ಥಳಗಳು ಅನೇಕವು ಸೆಳವು ಬಲವಾಗಿರುವ ಕಾಲುವೆಗಳಲ್ಲಿವೆ. ಅವು ನುರಿತವರ ಪಾಲಿನವು. ಖರ್ಚೂ ಸಂಬಳದಾರರ ಕೈಗೆ ನಿಲುಕುವುದು ಕಷ್ಟ. ಸಿಂಹಳದ ಟ್ರಿಂಕೋಮಲಿಯ ಬಳಿಯ ಪಾರಿವಾಳ ದ್ವೀಪವು ಪೂರ್ವ ತೀರದ್ದಾದುದರಿಂದ, ನಮ್ಮ ಕಡೆ ಮುಂಗಾರು ಭೋರ್ಗರೆಯುವ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಶಾಂತವಾಗಿರುವುದು. ಆ ಕಾಲದಲ್ಲಿ ಬಿಡುವಿರುವವರು ಅದನ್ನು ನೆನೆಯಬೇಕು.

ಕೊನೆಗೆ ಅಂಡಮಾನ್. ಹಿಂದೆ ಹ್ಯಾವ್‌ಲಾಕ್ ಎನಿಸಿ 2018ರಲ್ಲಿ ಸ್ವರಾಜ್ ದ್ವೀಪವೆಂದು ಹೆಸರಾದ ದ್ವೀಪವು, 2024ರಲ್ಲಿ ಶ್ರೀ ವಿಜಯಪುರಂ ಎಂಬ ಹೆಸರು ಪಡೆದ ಪೋರ್ಟ್ ಬ್ಲೇರಿನಿಂದ ವೇಗದ ಹಡಗಿನಲ್ಲಿ ಸುಮಾರು ಎರಡು ಗಂಟೆಯ ಹಾದಿ. ಪಾಸ್‌ಪೋರ್ಟು ಬೇಡ. ದಂಡೆಯಿಂದಲೇ ನಡೆದು ಇಳಿಯಬಹುದಾದ ಆಳವಿಲ್ಲದ ಹವಳದ ದಿಬ್ಬಗಳುಂಟು; ಕಲಿಸುವ ಶಾಲೆಗಳು ಹಲವು; ಮೇ ತಿಂಗಳ ನಡುವೆ ಮುಂಗಾರು ಮುಟ್ಟುವವರೆಗೆ ಕಡಲು ಬಹುಮಟ್ಟಿಗೆ ಶಾಂತ. ಕಾಂಡ್ಲ ಕಾಡಿನ ಹಳ್ಳಗಳಲ್ಲಿ ಉಪ್ಪುನೀರಿನ ಮೊಸಳೆಗಳಿರುವುದರಿಂದ, ಎಚ್ಚರಿಕೆಯ ಹಲಗೆಯಿರುವ ಕಡೆ ಮಾತ್ರ ಇಳಿಯಬಾರದು. ನಮ್ಮ ಶಿಷ್ಯನಿಗೆ ಇದನ್ನೇ ಹೇಳಿದೆವು.

ಅವನು ನಿಟ್ಟುಸಿರು ಬಿಟ್ಟು, “ಆಗಲಿ ಮೇಷ್ಟ್ರೇ, ಅವಳು ಕಲಿಯಲಿ. ನಾನು ದೋಣಿಯಲ್ಲಿ ಕೂತಿರುತ್ತೇನೆ” ಎಂದನು.

ನಾವು ಒಪ್ಪಲಿಲ್ಲ. ಈ ವಿದ್ಯೆಯಲ್ಲಿ ಒಬ್ಬೊಬ್ಬರೇ ಮುಳುಗುವ ಪದ್ಧತಿಯಿಲ್ಲ, ಇಬ್ಬರಿಬ್ಬರು ಜೊತೆ. ನೀರಿಗೆ ಇಳಿಯುವ ಮೊದಲು ಒಬ್ಬರ ಪಟ್ಟಿ, ಕವಾಟ, ಗಾಳಿಯ ಮಾಪಕಗಳನ್ನು ಇನ್ನೊಬ್ಬರು ನೋಡಬೇಕು. ಒಬ್ಬರ ಗಾಳಿ ಮುಗಿದರೆ ಇನ್ನೊಬ್ಬರು ತಮ್ಮ ಎರಡನೆಯ ಕೊಳವೆಯನ್ನು ಕೊಡಬೇಕು. ಪಾಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದಂತೆ ಹತ್ತು ವರ್ಷ ತುಂಬಿದ ಮಕ್ಕಳು ಕಲಿಯಬಹುದು. ಆದರೆ ಹನ್ನೆರಡರಿಂದ ಹದಿನಾಲ್ಕರವರೆಗಿನವರು, ಕಲಿತು ಪ್ರಮಾಣಪತ್ರ ಪಡೆದ ಮೇಲೂ, ಪ್ರಮಾಣಪತ್ರವಿರುವ ಪ್ರಾಯಸ್ಥರ ಜೊತೆಯಲ್ಲಿಯೇ, 18 ಮೀಟರಿಗೆ ಮೀರದಂತೆ ಇಳಿಯಬೇಕು. “ಆ ಪ್ರಾಯಸ್ಥನು ಯಾರೋ ಅಪರಿಚಿತನಾಗಬೇಕೋ, ನೀನಾಗಬೇಕೋ?” ಎಂದು ಕೇಳಿದೆವು. ಮಗನು ಹದಿನಾರು ವರ್ಷಕ್ಕೆ ಬಂದರೆ ಅವನನ್ನು ಮಿತ್ರನಂತೆ ಕಾಣಬೇಕೆಂದು ನಮ್ಮ ನೀತಿಕಾರರು ಹೇಳಿರುವರು. ಸಮುದ್ರವು ಹದಿನಾರರವರೆಗೆ ಕಾಯುವುದಿಲ್ಲ, ಹೆಣ್ಣು ಗಂಡೆಂದು ಬೇರೆ ಮಾಡುವುದೂ ಇಲ್ಲ.

ಅವನು ಬಹಳ ಹೊತ್ತು ಸುಮ್ಮನಿದ್ದು ಹೊರಟುಹೋದನು. ಮರುವಾರ ಈಜುಕೊಳಕ್ಕೆ ಸೇರಿದ ಸುದ್ದಿ ಬಂದಿತು. ಪೂರ್ಣ ಶಿಕ್ಷಣಕ್ಕೆ 200 ಮೀಟರ್ ಈಜಲೂ ಹತ್ತು ನಿಮಿಷ ತೇಲಲೂ ಬರಬೇಕು. ಮಗಳೇ ದಂಡೆಯಲ್ಲಿ ನಿಂತು ಅಂಗುಲ ಅಂಗುಲವಾಗಿ ಕಲಿಸಿದಳಂತೆ. ಮಾರ್ಚಿಯಲ್ಲಿ ಇಬ್ಬರೂ ವೈದ್ಯರ ಬಳಿಗೆ ಹೋಗಿ ಕಿವಿ, ಶ್ವಾಸಕೋಶ, ಹೃದಯಗಳನ್ನು ಪರೀಕ್ಷೆ ಮಾಡಿಸಿಕೊಂಡರು. ಉಬ್ಬಸ, ಮೂರ್ಛೆ, ಹೃದ್ರೋಗಗಳಿದ್ದವರು ಇದನ್ನು ಮುಚ್ಚಿಡಬಾರದು; ನೆಗಡಿಯಾದ ದಿನ ಯಾರೂ ಇಳಿಯಬಾರದು.

ಏಪ್ರಿಲಿನಲ್ಲಿ ಹೋಗಿ ಬಂದರು. ನಡೆದುದನ್ನು ಶಿಷ್ಯನೇ ನಮಗೆ ಹೇಳಿದನು. ಎರಡನೆಯ ದಿನ, ಮೂರು ಮೀಟರ್ ನೀರಿನ ತಳದಲ್ಲಿ ಮೊಣಕಾಲೂರಿ, ಕನ್ನಡಿಯ ಮುಸುಕಿನೊಳಕ್ಕೆ ನೀರು ಬಿಟ್ಟು ಮೂಗಿನ ಉಸಿರಿನಿಂದ ಹೊರದೂಡುವ ಅಭ್ಯಾಸ. ಮುಸುಕು ತುಂಬಿದ ಕೂಡಲೆ ಅವನಿಗೆ ಕಣ್ಣು ಕತ್ತಲೆ. ಕೆರೆಯೇ ಬಂದು ಕವಿದಂತಾಯಿತು. ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಬೇಕೆನ್ನುವಷ್ಟರಲ್ಲಿ ಗುರುವಿನ ಕೈ ಅವನ ಭುಜವನ್ನು ಹಿಡಿಯಿತು, ಇನ್ನೊಂದು ಚಿಕ್ಕ ಕೈ ಅವನ ಮುಂಗೈಯನ್ನು ಹಿಡಿದು ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಆಡಿಸತೊಡಗಿತು: ಉಸಿರೆಳೆದುಕೋ, ಬಿಡು, ಎಳೆದುಕೋ, ಬಿಡು. ಅವನು ಬಿಟ್ಟನು. ನೀರು ಇಳಿದು ಕಣ್ಣು ತೆರೆದಾಗ ಎದುರಿಗೆ ಮಗಳ ಮುಖ.

ನಾಲ್ಕು ದಿನಗಳಲ್ಲಿ ಇಬ್ಬರಿಗೂ ಪ್ರಮಾಣಪತ್ರ ದೊರೆಯಿತು. ಹವಳವು ಕಲ್ಲಲ್ಲ, ಜೀವವುಳ್ಳ ಪ್ರಾಣಿಸಮೂಹವೆಂದು ತಿಳಿದು ಅವರು ಅದನ್ನು ಮುಟ್ಟದೆ, ಮೆಟ್ಟದೆ ಬಂದರು. ಕಡಲಿನ ಬಿಸಿಯೇರಿ ಹವಳವು ಬಿಳಿಚಿಕೊಳ್ಳುವ ಕೇಡು 1998, 2010, 2016ರಲ್ಲಿ ಬಂದು, 2024ರಲ್ಲಿ ಮತ್ತೆ ಲೋಕವ್ಯಾಪಿಯೆಂದು ಪ್ರಕಟವಾಯಿತು. ಬಿಳಿಚಿದ ಕೊಂಬೆಗಳನ್ನು ಹುಡುಗಿಯೂ ಕಂಡು ಬಂದಿದ್ದಾಳೆ. ಕೊನೆಯ ದಿನವನ್ನು ದಂಡೆಯ ಮೇಲೆಯೇ ಕಳೆದರು; ಹಲವು ದಿನ ಮುಳುಗಿದವರು ವಿಮಾನವೇರುವ ಮೊದಲು ಕನಿಷ್ಠ 18 ಗಂಟೆ ಬಿಡುವು ಕೊಡಬೇಕೆಂಬುದು ನಿಯಮ. ಹಿಂದಿರುಗುವ ಚೀಟಿಯನ್ನು ಕೊಳ್ಳುವಾಗಲೇ ಇದನ್ನು ಲೆಕ್ಕ ಹಾಕಿರಬೇಕು.

“ತಾತ, ಅಪ್ಪನ ಗಾಳಿ ನನಗಿಂತ ಬೇಗ ಮುಗಿಯುತ್ತೆ. ಅವರ ಮೀಟರ್ ನಾನೇ ನೋಡ್ತಾ ಇರಬೇಕು” ಎಂದು ಹುಡುಗಿಯು ಮನೆಯೊಡತಿಯ ಗಾಂಭೀರ್ಯದಿಂದ ದೂರಿದಳು.

ಊರಿನಲ್ಲಿರುವ ವೃದ್ಧೆ ತಾಯಿಗೆ ಹೊರಡುವ ಮೊದಲೇ ವಿಷಯವನ್ನು ತಿಳಿಸಿದ್ದರು. ಆಕೆ ಆಗ ಒಂದು ಮಾತನ್ನೂ ಆಡಿರಲಿಲ್ಲ. ಬಂದ ಮೇಲೆ ಮೊಮ್ಮಗಳು ಹವಳದ ದಿಬ್ಬದ ಮೇಲೆ ತೇಲುತ್ತಿರುವ ಚಿತ್ರವನ್ನು ಕೈಗಿತ್ತಾಗ, ಆಕೆ ಅದನ್ನು ಬಹಳ ಹೊತ್ತು ನೋಡಿ, “ನೀನು ಇವಳ ಪಕ್ಕದಲ್ಲೇ ಇದ್ದೆಯೇನೋ?” ಎಂದು ಕೇಳಿದರಂತೆ.

“ಪಕ್ಕದಲ್ಲೇ ಇದ್ದೆ ಅಮ್ಮ” ಎಂದನಂತೆ ಮಗ.

ಯಾವ ದ್ವೀಪವು ಒಳ್ಳೆಯದೆಂದು ಕೇಳುವ ವಾಚಕರಿಗೆ ನಾವು ಹೇಳುವುದು ಇಷ್ಟೆ: ಆ ಹೆಂಗಸಿನ ಪ್ರಶ್ನೆಗೆ ಅಂಜದೆ ಹೀಗೆ ಉತ್ತರ ಕೊಡಬಲ್ಲಂತಹ ನೀರು ಎಲ್ಲಿರುವುದೋ, ಆ ದ್ವೀಪವನ್ನು ಆರಿಸಿಕೊಳ್ಳಿರಿ.